ತುಳುನಾಡಿನ ಬೆರಾಖಾ



ಜೆ.ಪಿ. ನಗರದಲ್ಲಿ ಶುಕ್ರವಾರದ ಸಂಜೆ ಶಾಂತಿಯ ಹೊತ್ತಲ್ಲವೆಂಬುದು ನಿಮಗೆ ತಿಳಿದೇ ಇದೆ. ಸಾರಕ್ಕಿ ಕಡೆಯಿಂದ ವಾಹನಗಳ ಸಾಲು, ವಾರದ ಕೊನೆಗೆ ಊರಿಗೆ ಹೊರಟವರ ಅವಸರ. ಗುರುನಿವಾಸದ ಕಿಟಕಿಯಲ್ಲಿ ನಿಂತು ಆ ಗದ್ದಲವನ್ನು ನೋಡುವಾಗಲೆಲ್ಲ ನನಗೆ ಮತ್ತೊಂದು ನಗರದ ಶುಕ್ರವಾರ ನೆನಪಾಗುತ್ತದೆ.

1998ರಲ್ಲಿ ನಾನು ರೋಮಿನ ಬೈಬಲ್ ವಿದ್ಯಾಪೀಠದ ವಿದ್ಯಾರ್ಥಿ. ಜಗದ್ಗುರು ಹತ್ತನೆಯ ಪಿಯೂಸರು 1909ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ವಿದ್ಯಾರ್ಥಿಗಳು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದುವ ಏರ್ಪಾಡಿದೆ. ಹಾಗೆ ಹೋದವರಲ್ಲಿ ನಾನೂ ಒಬ್ಬ. ಗುರುಮಠದಲ್ಲಿ ಕಲಿತಿದ್ದ ಹೀಬ್ರೂ ಪರೀಕ್ಷೆಗಷ್ಟೇ ಸಾಲುವಂಥದ್ದು. ಅಲ್ಲಿಯೋ, ಪ್ರವಾದಿ ಯೆಶಾಯನ ಭಾಷೆಯಲ್ಲಿ ತರಕಾರಿಯವನು ಟೊಮ್ಯಾಟೊ ಬೆಲೆ ಕೂಗುತ್ತಿದ್ದ! ಮೊದಲ ತಿಂಗಳು ನಾನು ಮಾತನಾಡಿದ್ದಕ್ಕಿಂತ ನಗೆಪಾಟಲಾದದ್ದೇ ಹೆಚ್ಚು.

ಸಹಪಾಠಿಯೊಬ್ಬ ನನ್ನನ್ನು ಒಂದು ಶುಕ್ರವಾರ ಮನೆಗೆ ಕರೆದ. ಅವನ ತಂದೆತಾಯಿ ಮೊರಾಕ್ಕೊ ದೇಶದಿಂದ ಬಂದು ನೆಲೆಸಿದವರು. ಸೂರ್ಯ ಮುಳುಗುವ ಮುನ್ನ ತಾಯಿ ಎರಡು ಮೇಣದಬತ್ತಿ ಹಚ್ಚಿ, ಕಣ್ಣಿಗೆ ಕೈಮುಚ್ಚಿ ಪ್ರಾರ್ಥಿಸಿದರು. ಹೊರಗೆ ಬಸ್ಸುಗಳು ನಿಂತವು. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಎರಡು ರೊಟ್ಟಿ, ಒಂದು ಬಟ್ಟಲು ದ್ರಾಕ್ಷಾರಸ. ತಂದೆ ಮಕ್ಕಳ ತಲೆಯ ಮೇಲೆ ಕೈಯಿಟ್ಟು, ಸಂಖ್ಯಾಕಾಂಡದ ಆರನೆಯ ಅಧ್ಯಾಯದಲ್ಲಿ ಯಾಜಕರಿಗೆ ಒಪ್ಪಿಸಲಾದ ಆಶೀರ್ವಚನವನ್ನು ಉಚ್ಚರಿಸಿದರು. ನಂತರ ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದಲ್ಲಿರುವ ಗುಣವತಿಯಾದ ಗೃಹಿಣಿಯ ಸ್ತುತಿಯನ್ನು ಪತ್ನಿಗಾಗಿ ಹಾಡಿದರು. ತರಗತಿಯಲ್ಲಿ ನಾನು ವ್ಯಾಕರಣಕ್ಕಾಗಿ ಬಿಡಿಸಿ ಬಿಡಿಸಿ ಓದಿದ್ದ ಪದ್ಯ ಅದು. ಒಬ್ಬ ಮುದುಕ ಹೆಂಡತಿಯ ಮುಖ ನೋಡಿ ಹಾಡುವುದನ್ನು ಕೇಳಿದ್ದು ಅಂದೇ ಮೊದಲು. ಅಲ್ಲಿ ಹೇಳುವ ಒಂದೊಂದು ಸ್ತುತಿಗೂ 'ಬೆರಾಖಾ' ಎಂದು ಹೆಸರು, ಅಂದರೆ ಆಶೀರ್ವಾದ. ಬಟ್ಟಲಿಗೊಂದು ಬೆರಾಖಾ, ರೊಟ್ಟಿಗೊಂದು ಬೆರಾಖಾ.

ಬಸ್ಸಿಲ್ಲದ ಕಾರಣ ರಾತ್ರಿ ಅಲ್ಲೇ ಉಳಿದೆ. ಮರುದಿನ, ಶುಕ್ರವಾರವೇ ಒಲೆಗಿಟ್ಟು ರಾತ್ರಿಯಿಡೀ ಬಿಸಿಯಲ್ಲೇ ಬೆಂದಿದ್ದ ಕಾಳು ಮತ್ತು ಮಾಂಸದ ಊಟ. ಆಗ ಗೆಳೆಯ ಕೇಳಿದ: "ನಿನ್ನ ನಾಡಿನಲ್ಲಿ ಮಂಜರೂರು ಎಂಬ ಊರಿದೆಯೆ?" ನಾನು ತಡವರಿಸಿದೆ. ಅವನು ಹೇಳುತ್ತಿದ್ದುದು ನಮ್ಮ ಮಂಗಳೂರನ್ನು!

ಅವನು ಹೇಳಿದ ಕಥೆಯನ್ನು, ನಾನು ಬಳಿಕ ಓದಿ ತಿಳಿದದ್ದನ್ನೂ ಸೇರಿಸಿ, ನಿಮ್ಮ ಮುಂದಿಡುತ್ತೇನೆ. ಈಜಿಪ್ಟಿನ ಫುಸ್ತಾತಿನಲ್ಲಿ, ಎಂದರೆ ಹಳೆಯ ಕೈರೋದಲ್ಲಿ, ಬೆನ್ ಎಜ್ರಾ ಎಂಬ ಯೆಹೂದ್ಯ ಪ್ರಾರ್ಥನಾಮಂದಿರವಿದೆ. ದೇವರ ನಾಮವಿರಬಹುದಾದ ಬರಹವನ್ನು ಸುಡಬಾರದು, ಹರಿಯಬಾರದು ಎಂಬ ಭಕ್ತಿಯಿಂದ ಅಲ್ಲಿಯವರು ಹಳೆಯ ಕಾಗದಗಳನ್ನು ಒಂದು ಕೋಣೆಗೆ ಹಾಕುತ್ತ ಬಂದರು. ಹೀಬ್ರೂ ಅಕ್ಷರವಿದ್ದರೆ ಸಾಕು, ವ್ಯಾಪಾರದ ಲೆಕ್ಕಪತ್ರವೂ ಅಲ್ಲಿ ಸೇರಿತು. ಆ ಕೋಣೆಗೆ ಗೆನೀಜಾ ಎಂದು ಹೆಸರು. 1896-97ರಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅದರ ಬಹುಪಾಲನ್ನು ಕೇಂಬ್ರಿಡ್ಜಿಗೆ ಸಾಗಿಸಿದರು. ಅದರೊಳಗಿನ ಭಾರತ ವ್ಯಾಪಾರದ ಪತ್ರಗಳನ್ನು ಗುರುತಿಸಿ ಜೋಡಿಸಲು ಎಸ್.ಡಿ. ಗೊಯಿಟೈನ್ ದಶಕಗಳನ್ನೇ ಸವೆಸಿದರು. ಭಾಷೆ ಅರಬ್ಬಿ, ಲಿಪಿ ಹೀಬ್ರೂ.

ಆ ಪತ್ರಗಳಲ್ಲಿ ಎದ್ದು ಕಾಣುವವನು ಅಬ್ರಹಾಂ ಬೆನ್ ಯಿಜು. ಟುನಿಸಿಯಾದ ಮಹ್ದಿಯಾ ಎಂಬ ಬಂದರಿನವನು. ವ್ಯಾಪಾರಿಯಷ್ಟೇ ಅಲ್ಲ, ಧರ್ಮಶಾಸ್ತ್ರ ಬಲ್ಲವನು, ಹೀಬ್ರೂ ಕವಿತೆ ಕಟ್ಟುತ್ತಿದ್ದವನು. ಸುಮಾರು 1132ರಿಂದ 1149ರವರೆಗೆ ಅವನು ನಮ್ಮ ಪಶ್ಚಿಮ ಕರಾವಳಿಯಲ್ಲಿದ್ದ; ಮಂಗಳೂರು ಅವನ ನೆಲೆ. ತುಳುನಾಡನ್ನು ಆಳುಪರು ಆಳುತ್ತಿದ್ದ, ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನ ಹೆಸರು ಮೊಳಗುತ್ತಿದ್ದ ಕಾಲ. ಬೆನ್ ಯಿಜು ಇಲ್ಲಿ ಕಂಚಿನ ಕಾರ್ಖಾನೆಯೊಂದನ್ನು ನಡೆಸುತ್ತಿದ್ದ. ಏಡನ್ನಿನಿಂದ ಒಡೆದ ಪಾತ್ರೆಗಳು ಬರುತ್ತಿದ್ದವು, ಹೊಸ ಪಾತ್ರೆಗಳಾಗಿ ಹಿಂದಿರುಗುತ್ತಿದ್ದವು. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವೂ ಹಡಗೇರುತ್ತಿದ್ದವು. ಏಡನ್ನಿನ ಯೆಹೂದ್ಯ ಮುಖಂಡ ಮದ್ಮೂನ್ ಅವನಿಗೆ ಸಕ್ಕರೆ, ಒಣದ್ರಾಕ್ಷಿ ಮತ್ತು ಮುಖ್ಯವಾಗಿ ಕಾಗದ ಕಳುಹಿಸುತ್ತಿದ್ದ. ತಾಳೆಗರಿಯ ನಾಡಿನಲ್ಲಿ ಕಾಗದ ಅಪರೂಪವಲ್ಲವೆ? ಒಣದ್ರಾಕ್ಷಿಯ ಮಾತು ಓದಿದಾಗ ನನಗೊಂದು ಊಹೆ ಹೊಳೆಯಿತು. ಮುಂಬಯಿ ಕಡೆಯ ಬೆನೆ ಇಸ್ರಾಯೇಲ್ ಯೆಹೂದ್ಯರು ಒಣದ್ರಾಕ್ಷಿ ನೆನೆಸಿದ ಪಾನಕದ ಮೇಲೆ ಸಬ್ಬತ್ತಿನ ಸ್ತುತಿ ಹೇಳುವುದುಂಟು. ಬೆನ್ ಯಿಜುವಿನ ಬಟ್ಟಲಲ್ಲಿಯೂ ಅದೇ ಇದ್ದಿತೇನೋ! ಇದು ಊಹೆಯಷ್ಟೇ.

ಅವನ ಪರವಾಗಿ ಹಡಗೇರಿ ಏಡನ್ನಿಗೆ ಹೋಗಿಬರುತ್ತಿದ್ದ ಒಬ್ಬ ಆಳು ಇದ್ದ. ಅವನ ಹೆಸರು 'ಬ್ರಹ್ಮ' ಇರಬೇಕೆಂದು ವಿದ್ವಾಂಸರು ಎಣಿಸಿದ್ದರು. ಲೇಖಕ ಅಮಿತಾವ್ ಘೋಷ್ ಆ ಜಾಡು ಹಿಡಿದು ಮಂಗಳೂರಿಗೆ ಬಂದಾಗ, ಅದು ತುಳುನಾಡಿನ 'ಬೊಮ್ಮ' ಎಂದು ಸೂಚಿಸಿದವರು ನಮ್ಮ ಬಿ.ಎ. ವಿವೇಕ ರೈಯವರು. ಈ ಸಂಗತಿ ಘೋಷರ 1992ರ ಪುಸ್ತಕದಲ್ಲಿದೆ.

ಬೊಮ್ಮನ ಕಥೆ ಹೇಗೋ ಬೆಳಕಿಗೆ ಬಂತು. ನನ್ನ ಮನಸ್ಸು ನಿಂತದ್ದು ಬೇರೊಬ್ಬಳ ಬಳಿ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಒಂದು ಬಿಡುಗಡೆ ಪತ್ರ ಬರೆದ. ತಾನು ಕೊಂಡಿದ್ದ ಆಶು ಎಂಬ ತುಳುವ ದಾಸಿಯನ್ನು ಸ್ವತಂತ್ರಳನ್ನಾಗಿಸಿದ ಪತ್ರ. ಅವಳು ಯೆಹೂದ್ಯ ಧರ್ಮವನ್ನು ಸ್ವೀಕರಿಸಿದ್ದಾಳೆಂದೂ ಇನ್ನು ಮುಂದೆ ಅವಳ ಹೆಸರು ಬೆರಾಖಾ ಎಂದೂ ಅದರಲ್ಲಿದೆ. ಅವನು ಅವಳನ್ನು ಮದುವೆಯಾದನೆಂದು ವಿದ್ವಾಂಸರ ಅಭಿಪ್ರಾಯ.

ಇದನ್ನು ಪ್ರೇಮಕಥೆಯೆಂದು ಹೇಳುವವರಿದ್ದಾರೆ. ನನಗೆ ಅಷ್ಟು ಸುಲಭವಾಗಿ ಒಪ್ಪಲಾಗುವುದಿಲ್ಲ. ಹಣ ಕೊಟ್ಟು ಕೊಂಡವನು ಕೈಹಿಡಿಯುತ್ತೇನೆಂದರೆ ಬೇಡವೆನ್ನಲು ದಾಸಿಗೆ ಬಾಯಿ ಎಲ್ಲಿಯದು? ಆದರೂ ಅವನು ಅವಳನ್ನು ದಾಸಿಯಾಗಿಯೇ ಇಟ್ಟುಕೊಳ್ಳಬಹುದಿತ್ತು; ಅದನ್ನು ತಡೆಯುವವರು ಯಾರೂ ಇರಲಿಲ್ಲ. ಬಿಡುಗಡೆ ಮಾಡಿ, ಕಾಗದ ದುರ್ಲಭವಾದ ಊರಿನಲ್ಲಿ ಅದನ್ನು ಕಾಗದದ ಮೇಲೆ ಬರೆದಿಟ್ಟ. ಎರಡನ್ನೂ ಒಟ್ಟಿಗೇ ನೋಡಬೇಕು, ವಾಚಕರೇ.

1148ರಲ್ಲಿ ಸಿಸಿಲಿಯ ಅರಸ ಎರಡನೆಯ ರೋಜರ್ ಮಹ್ದಿಯಾವನ್ನು ಗೆದ್ದ. ಬೆನ್ ಯಿಜುವಿನ ಬಂಧುಗಳು ಚದುರಿದರು. 1149ರಲ್ಲಿ ಅವನು ಮಕ್ಕಳೊಡನೆ ಏಡನ್ನಿಗೆ ಮರಳಿ, ಒಡಹುಟ್ಟಿದವರನ್ನು ಹುಡುಕುತ್ತ ಪತ್ರ ಬರೆದ. ಅದರಲ್ಲಿ ಮಕ್ಕಳ ಮಾತಿದೆ, ಹೆಂಡತಿಯ ಹೆಸರಿಲ್ಲ. ಗಂಡುಮಕ್ಕಳು ಬದುಕಲಿಲ್ಲ. ಉಳಿದವಳು ಮಗಳು ಸಿತ್ತ್ ಅಲ್-ದಾರ್. 1156ರಲ್ಲಿ ಫುಸ್ತಾತಿನಲ್ಲಿ ದೊಡ್ಡಪ್ಪ-ಚಿಕ್ಕಪ್ಪನ ಮಗನೊಂದಿಗೆ ಅವಳ ಮದುವೆಯಾಯಿತು. ಹದಿನೇಳು ವರ್ಷಗಳ ಶುಕ್ರವಾರಗಳಂದು ಮಂಗಳೂರಿನ ಆ ಮನೆಯಲ್ಲಿ ದೀಪ ಹಚ್ಚಿದವಳನ್ನು ಕುರಿತು ಕಾಗದಗಳು ಮೌನವಾಗಿವೆ. ಮೊರಾಕ್ಕೊದ ಆ ತಾಯಿಗೆ ಅವರ ಗಂಡ ಹಾಡಿದ ಹಾಡನ್ನು ಆಶುವಿಗೂ ಯಾರಾದರೂ ಹಾಡಿದರೆ?

ಗೆಳೆಯ ಇಷ್ಟನ್ನು ಹೇಳುವಾಗ ನನ್ನ ಕೈ ಜೇಬಿನ ಪೆನ್ನಿಗೆ ಹೋಗಿ ಹಿಂದೆ ಬಂತು. ಸಬ್ಬತ್ತಿನಂದು ಆ ಮನೆಯಲ್ಲಿ ಯಾರೂ ಬರೆಯುವುದಿಲ್ಲ. ಅತಿಥಿಯಾಗಿ ನಾನೂ ಬರೆಯಲಿಲ್ಲ. ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಹೆಣೆದ ಮೇಣದಬತ್ತಿ ಹಚ್ಚಿದರು, ಸುಗಂಧದ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿದರು. ಲವಂಗ, ಏಲಕ್ಕಿ. ನಮ್ಮ ಅಡುಗೆಮನೆಯ ವಾಸನೆ. ಸಬ್ಬತ್ ಮುಗಿಯಿತು, ಬೀದಿಯಲ್ಲಿ ಬಸ್ಸಿನ ಸದ್ದು ಕೇಳಿಸಿತು.

ಅಂದು ಕೋಣೆಗೆ ಮರಳಿ ಹೀಬ್ರೂ ಅಭ್ಯಾಸದ ಪುಸ್ತಕದಲ್ಲಿ ಕನ್ನಡ ಅಕ್ಷರಗಳಲ್ಲಿ ಮೂರು ಪದ ಬರೆದುಕೊಂಡೆ. ಪುಸ್ತಕ ಈಗಲೂ ಜೆ.ಪಿ. ನಗರದ ನನ್ನ ಕಪಾಟಿನಲ್ಲಿದೆ. ಶಾಯಿ ಸ್ವಲ್ಪ ಮಸುಕಾಗಿದೆ: ಮಂಜರೂರು, ಆಶು, ಬೆರಾಖಾ.