ಹದಿನೈದು ಇಂಚಿನ ಹಳಿ, ಕೋಟಿ ರೊಕ್ಕ

ಆಟಿಗೆ ರೈಲಿನ ಹುಚ್ಚು ಹಿಡಿದ ಮನುಷ್ಯನ ಕೈಗೆ ಒಮ್ಮಿಂದೊಮ್ಮೆಲೆ ಕೋಟಿಗಟ್ಟಲೆ ರೊಕ್ಕ ಬಂದರೆ ಅವನು ಏನು ಮಾಡಿಯಾನು? ಈ ಮಾತು ತೆಗೆದರೆ ನಮ್ಮೂರ ಕಟ್ಟೆಯ ಮೇಲಿನ ಹಿರಿಯರು ನಗತಾರ. ರೊಕ್ಕ ಬಂದವ ಹೊಲ ತಗೋತಾನ, ಮನಿ ಕಟ್ಟಸ್ತಾನ, ಮಗಳ ಮದುವಿ ಮಾಡತಾನ, ಆಟಿಗೆ ಯಾಕ ಆಡ್ಯಾನು ಅಂತಾರ. ಆದರೆ ಇದು ಕಟ್ಟಿದ ಕಥೆ ಅಲ್ಲ, ಆಗಿ ಹೋದ ಸಂಗತಿ. ನಮ್ಮ ವಾಚನಾಲಯಕ್ಕೆ ಬರುವ ಮಾಸ್ತರರೊಬ್ಬರು ಇಂಗ್ಲಿಷ್ ಪುಸ್ತಕ ಓದಿ ಕನ್ನಡದಲ್ಲಿ ಅರ್ಥ ಹೇಳಿದರು. ಏಳನೇ ಇಯತ್ತೆ ಓದಿದ ನಾನು ವಹಿಯಲ್ಲಿ ಬರೆದುಕೊಂಡೆ. ಪದ ಹಾಡುವವನಿಗೆ ಕೇಳಿದ್ದು ಮರೆಯುವುದಿಲ್ಲ, ಆದರೆ ಇಸವಿ ಮರೆತು ಹೋಗತಾವ, ಅದಕ್ಕ ಬರೆದೆ.

ನಮ್ಮ ಸೊಲ್ಲಾಪುರ ಕಡೆಯ ಮಂದಿಗೆ ಸಣ್ಣ ರೈಲು ಹೊಸದಲ್ಲ. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಸಿಗೆ ಶುರುವಾದ ಬಾರ್ಸಿ ಲೈಟ್ ರೈಲು 1906ರಲ್ಲಿ ಪಂಢರಪುರ ಮುಟ್ಟಿತು, 1911ರಲ್ಲಿ ಲಾತೂರ, 1927ರಲ್ಲಿ ಮಿರಜ. ಸೊಲ್ಲಾಪುರದಿಂದ ದೊಡ್ಡ ಗಾಡಿಯಲ್ಲಿ ಕುರ್ಡುವಾಡಿಗೆ ಹೋಗಿ, ಅಲ್ಲಿ ಇಳಿದು ಸಣ್ಣ ಗಾಡಿ ಹತ್ತಿ ನಾವು ಭಜನಿ ಮೇಳದವರು ವಿಠೋಬನ ದರ್ಶನಕ್ಕೆ ಹೋಗತಿದ್ದೆವು. ಏರಿನಲ್ಲಿ ಅದು ಎಷ್ಟು ಸಾವಕಾಶ ಹೋಗತಿತ್ತು ಅನ್ನೋದು ಹತ್ತಿದವರಿಗೇ ಗೊತ್ತು. ಅದರ ಎರಡು ಹಳಿಗಳ ನಡುವಿನ ಅಗಲ ಎರಡೂವರೆ ಫೂಟು, ಅಂದರೆ 30 ಇಂಚು. ಈಗ ನಾನು ಹೇಳಹೊರಟ ರೈಲಿನದು ಸರಿಯಾಗಿ ಅದರ ಅರ್ಧ, 15 ಇಂಚು. ಒಂದು ಮೊಳವೂ ಇಲ್ಲ. ಆ ಹಳಿಯ ಮೇಲೆ ಮಂದಿ ಟಿಕೀಟು ತಗೊಂಡು ಕೂತು ಹೋಗತಾರ, ಬರತಾರ. ನಮ್ಮ ಸಣ್ಣ ಗಾಡಿ ಮಿರಜ ಮುಟ್ಟಿದ ಅದೇ 1927ರಲ್ಲಿ ಇಂಗ್ಲೆಂಡಿನಲ್ಲಿ ಇದು ಸುರುವಾಯಿತು.

ಅದರ ಮೂಲ ಇಬ್ಬರು ಶ್ರೀಮಂತರು. ಮೊದಲನೆಯವನ ಹೆಸರು ಲೂಯಿ ಝ್ಬೊರೊವ್‌ಸ್ಕಿ. ಹೆಸರು ನಾಲಿಗೆಗೆ ತೊಡಕು, ನಾನು ಲೂಯಿ ಅಂತಲೇ ಕರೆಯುತ್ತೇನೆ. ಹುಟ್ಟಿದ್ದು 1895ರಲ್ಲಿ. ಅಪ್ಪ 1903ರಲ್ಲಿ ಮೋಟಾರ್ ರೇಸಿನಲ್ಲಿ ಸತ್ತ. ತಾಯಿ ಅಮೆರಿಕದ ಆಸ್ಟರ್ ಮನೆತನದವಳು, ಆ ಮನೆತನಕ್ಕೆ ನ್ಯೂಯಾರ್ಕ್ ಪಟ್ಟಣದಲ್ಲಿ ಬೇಕಾದಷ್ಟು ಜಾಗ. 1911ರಲ್ಲಿ ತಾಯಿಯೂ ತೀರಿಕೊಂಡಳು. ಹದಿನಾರು ವರ್ಷದ ಹುಡುಗ. ಕೋಟಿ ಪೌಂಡಿನ ಮೇಲಿನ ಆಸ್ತಿ, ಮೇಲೆ ನ್ಯೂಯಾರ್ಕಿನ ಕಟ್ಟಡಗಳ ಬಾಡಿಗೆ. ಕೇಳುವವರಿಲ್ಲ, ತಡೆಯುವವರಿಲ್ಲ.

ಅವನು ಏನು ಮಾಡಿದ? ವಿಮಾನದ ಇಂಜಿನ್ನು ತಂದು ಕಾರಿಗೆ ಕೂಡಿಸಿದ. ‘ಚಿಟ್ಟಿ ಬ್ಯಾಂಗ್ ಬ್ಯಾಂಗ್’ ಅಂತ ಹೆಸರಿಟ್ಟ. ಕ್ಯಾಂಟರ್‌ಬರಿ ಊರ ಹತ್ತಿರದ ಹೈಯಮ್ ಅನ್ನೋ ತನ್ನ ವಾಡೆಯ ಸುತ್ತ 15 ಇಂಚಿನ ಹಳಿ ಹಾಕಿಸಿ ಉಗಿಬಂಡಿ ಓಡಿಸಿದ. ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ತೋಟದ ಸುತ್ತ ಸುತ್ತಿ ಬಂದ ರೈಲು ಎಲ್ಲಿಗೂ ಹೋಗುವುದಿಲ್ಲ, ಎತ್ತು ಗಾಣ ಸುತ್ತಿದ ಹಾಗೆ. ಖರೇ ರೈಲಿನಂತೆ ಒಂದೂರಿನಿಂದ ಇನ್ನೊಂದೂರಿಗೆ ಹೋಗಬೇಕು ಅಂತ ಅವನಿಗೂ ಅವನ ಗೆಳೆಯನಿಗೂ ಆಸೆ. ಹೆನ್ರಿ ಗ್ರೀನ್ಲಿ ಅನ್ನೋ ಇಂಜಿನಿಯರನಿಂದ ನಕಾಶೆ ಬರೆಸಿ ಎರಡು ಇಂಜಿನ್ನಿಗೆ ಆರ್ಡರು ಕೊಟ್ಟ. ಆ ಕಾಲದ ದೊಡ್ಡ ಎಕ್ಸ್‌ಪ್ರೆಸ್ ಇಂಜಿನ್ನುಗಳ ಪಡಿಯಚ್ಚು, ಆದರೆ ಮೂರರಲ್ಲಿ ಒಂದು ಪಾಲಿನ ಆಕಾರ. ಇಂಜಿನ್ನು ಕಾರಖಾನೆಯಿಂದ ಹೊರಗೆ ಬರುವ ಮೊದಲೇ, 1924ರ ಅಕ್ಟೋಬರ್ 19ರಂದು ಇಟಲಿಯ ಮೊಂಜಾದಲ್ಲಿ ರೇಸಿನ ಕಾರು ಗಿಡಕ್ಕೆ ಬಡಿದು ಲೂಯಿ ಸತ್ತ. ಇಪ್ಪತ್ತೊಂಬತ್ತು ವರ್ಷ. ಅಪ್ಪ ಹೋದ ಹಾದಿಯಲ್ಲೇ ಮಗ ಹೋದ.

ಆ ಗೆಳೆಯನ ಹೆಸರು ಕ್ಯಾಪ್ಟನ್ ಹೋವಿ. ಇವನ ರೊಕ್ಕದ ಕಥೆಯನ್ನು ರೈತರಾದ ನಾವು ಸ್ವಲ್ಪ ನಿಂತು ಕೇಳಬೇಕು. 1837ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಇನ್ನೂ ಗುಡಿಸಲುಗಳ ಊರು. ಇಂಗ್ಲಿಷ್ ಸರಕಾರ ಅಲ್ಲಿಯ ಜಾಗ ಲಿಲಾವು ಹಾಕಿತು. ಹೆನ್ರಿ ಹೋವಿ ಅನ್ನೋ ಒಬ್ಬ ಎರಡು ರಸ್ತೆ ಕೂಡುವ ಮೂಲೆಯಲ್ಲಿ ಸುಮಾರು ಅರ್ಧ ಎಕರೆ ತಗೊಂಡ, ನೂರಾಮೂವತ್ತು ಪೌಂಡಿಗೂ ಕಡಿಮೆ ದರಕ್ಕೆ. ಸ್ವಲ್ಪ ದಿವಸದಲ್ಲೇ ಅವನು ಹೆಂಡತಿ ಮಕ್ಕಳ ಸಮೇತ ಹಡಗಿನಲ್ಲಿ ಬರುವಾಗ ಸಮುದ್ರದ ಪಾಲಾದ. ಜಾಗ ದಾಯಾದಿಗಳಿಗೆ ಬಂತು. ಮುಂದೆ ಆ ಸೀಮೆಯಲ್ಲಿ ಬಂಗಾರ ಸಿಕ್ಕಿತು, ಊರು ಮಹಾಪಟ್ಟಣ ಆಯಿತು, ಅರ್ಧ ಎಕರೆ ಮೂಲೆ ಪೇಟೆಯ ನಟ್ಟನಡುವೆ ಬಂತು. ಅದರ ಬಾಡಿಗೆ ತಲೆತಲಾಂತರ ಇಂಗ್ಲೆಂಡಿಗೆ ಹರಿದು ನಮ್ಮ ಕ್ಯಾಪ್ಟನ್ನನ ತನಕ ಮುಟ್ಟಿತು. ಆ ನೆಲದಲ್ಲಿ ಅವನು ಒಂದು ದಿವಸ ಕುಂಟಿ ಹೊಡೆದಿಲ್ಲ, ಒಂದು ಕಲ್ಲು ಎತ್ತಿಟ್ಟಿಲ್ಲ. ಲಿಲಾವಿಗೆ ಮೊದಲು ಆ ನೆಲ ಅಲ್ಲಿಯ ಮೂಲ ಜನರದು. ಅವರ ಹೆಸರಿಗೆ ಸಾತಬಾರಾ ಉತಾರಿ ಇರಲಿಲ್ಲ, ಅದಕ್ಕೆ ಲಿಲಾವಿನ ರೊಕ್ಕದಲ್ಲಿ ಅವರಿಗೆ ಪಾಲೂ ಇರಲಿಲ್ಲ. ಸಣ್ಣ ರೈಲಿನ ಚಂದ ಹೇಳುವವರು ಈ ಮಾತು ಬಿಟ್ಟು ಹೇಳತಾರ, ನಾನು ಬಿಡುವುದಿಲ್ಲ.

ಹಾಗಂತ ಕ್ಯಾಪ್ಟನ್ ಪುಕ್ಕಲ ಅಲ್ಲ. ಮೊದಲನೇ ಮಹಾಯುದ್ಧದಲ್ಲಿ, 1915ರಲ್ಲಿ, ಅವನು ಕೂತ ವಿಮಾನಕ್ಕೆ ಗುಂಡು ಬಡಿದು ಓಡಿಸುವವ ಆಕಾಶದಲ್ಲೇ ಸತ್ತ. ಪ್ರಯಾಣಿಕನ ಹಾಗೆ ಕೂತಿದ್ದ ಹೋವಿ ತಾನೇ ಅದನ್ನು ಹಿಡಿದು ನೆಲಕ್ಕೆ ಇಳಿಸಿದ. ಇಳಿದದ್ದು ವೈರಿಯ ಸೀಮೆ, ಸೆರೆಯಾದ. ಯುದ್ಧಕ್ಕಿಂತ ಮೊದಲೂ ಅವನ ಮನೆಯ ಹಿತ್ತಲಲ್ಲಿ 15 ಇಂಚಿನ ಹಳಿ ಇತ್ತು. ತಮ್ಮನೊಬ್ಬ 1926ರಲ್ಲಿ ಫ್ರಾನ್ಸಿನ ರೇಸಿನಲ್ಲಿ ಸತ್ತ. ಗೆಳೆಯನೂ ರೇಸಿಗೆ, ತಮ್ಮನೂ ರೇಸಿಗೆ. ಲೂಯಿ ಆರ್ಡರು ಕೊಟ್ಟಿದ್ದ ಎರಡೂ ಇಂಜಿನ್ನು 1925ರಲ್ಲಿ ತಯಾರಾದವು. ಹೋವಿ ಅವನ್ನು ತಗೊಂಡ. ಒಂದಕ್ಕೆ ‘ನಾರ್ದರ್ನ್ ಚೀಫ್’, ಇನ್ನೊಂದಕ್ಕೆ ‘ಗ್ರೀನ್ ಗಾಡೆಸ್’ ಅಂದರೆ ಹಸಿರು ದೇವಿ. ಈ ಎರಡನೇ ಹೆಸರು ಅವನು ಮೆಚ್ಚಿದ ಒಂದು ನಾಟಕದ್ದು. ಆ ನಾಟಕ ನಡೆಯುವುದು ಹಿಮಾಲಯದ ಒಂದು ಕಾಲ್ಪನಿಕ ರಾಜ್ಯದಲ್ಲಿ. ಇಂಗ್ಲೆಂಡಿನ ಇಂಜಿನ್ನಿಗೆ ನಮ್ಮ ಕಡೆಯ ದೇವಿ ಹೀಗೆ ಬಂದಳು.

ಈಗ ಇಂಜಿನ್ನು ಐತಿ, ಹಳಿ ಇಲ್ಲ. ಎತ್ತು ತಂದು ಹೊಲ ಹುಡುಕಿದಂತೆ ಹೋವಿ ಜಾಗ ಹುಡುಕಿದ. ಬೇರೆ ಕಡೆ ನಡೆಯುತ್ತಿದ್ದ ಒಂದು ಸಣ್ಣ ರೈಲನ್ನು ಕೊಳ್ಳಲು ನೋಡಿದ್ದರು, ಕೈಗೆ ಹತ್ತಲಿಲ್ಲ. ಕೊನೆಗೆ ಗ್ರೀನ್ಲಿ ಕೆಂಟ್ ಜಿಲ್ಲೆಯ ಸಮುದ್ರ ದಂಡೆಯ ರಾಮ್ನಿ ಜೌಗು ನೆಲ ತೋರಿಸಿದ. ಕುರಿ ಮೇಯುವ ಸಪಾಟು ಸೀಮೆ, ಗುಡ್ಡ ಇಲ್ಲ, ಏರು ಇಲ್ಲ. 1926ರ ಆಗಸ್ಟಿನಲ್ಲಿ, ಹಳಿ ಇನ್ನೂ ಪೂರಾ ಆಗುವ ಮೊದಲೇ, ಅಲ್ಲಿಯ ರಾಜನ ಮಗ ಬಂದು ಇಂಜಿನ್ನು ಓಡಿಸಿ ಹೋದ. ನಮಗೆ ಸ್ವಾತಂತ್ರ್ಯ ಬರುವಾಗ ಇಂಗ್ಲೆಂಡಿನ ಗಾದಿಯ ಮೇಲೆ ಇದ್ದ ಆರನೇ ಜಾರ್ಜ್ ಇವನೇ. 1927ರ ಜುಲೈ 16ರಂದು ಹೈತ್ ಊರಿನಿಂದ ನ್ಯೂ ರಾಮ್ನಿಗೆ ಎಂಟು ಮೈಲು ರೈಲು ಶುರು. ಮರುವರ್ಷ ಡಂಜನೆಸ್ ಅನ್ನೋ ದೀಪಸ್ತಂಭದ ಊರಿನವರೆಗೆ, ಒಟ್ಟು ಹದಿಮೂರೂವರೆ ಮೈಲು. ಹೋಗಲಿಕ್ಕೆ ಒಂದು ಜೋಡಿ ಹಳಿ, ಬರಲಿಕ್ಕೆ ಇನ್ನೊಂದು. ನಮ್ಮ ಬಾರ್ಸಿ ಲೈಟಿಗೂ ಆ ಭಾಗ್ಯ ಇರಲಿಲ್ಲ. ನಿಲ್ದಾಣ, ಸಿಗ್ನಲ್ಲು, ವೇಳಾಪಟ್ಟಿ, ಎಲ್ಲ ಖರೇ ರೈಲಿನದೇ. ಇಂಜಿನ್ನಿನ ಕೋಣೆಯಲ್ಲಿ ಮನುಷ್ಯ ಹಿಡಿಯುವುದಿಲ್ಲ, ಅದಕ್ಕೆ ಡ್ರೈವರ ಹಿಂದಿನ ಕಲ್ಲಿದ್ದಲ ಬಂಡಿಯೊಳಗೆ ಕಾಲು ಮುಂದೆ ಚಾಚಿ ಕೂಡುತ್ತಾನೆ. ಮಾಲಕ ಹೋವಿ ತಾನೂ ಹಾಗೆ ಕೂತು ಓಡಿಸುತ್ತಿದ್ದ.

ಇಂಥ ಹುಚ್ಚು ನಮ್ಮ ದೇಶದಲ್ಲೂ ಇತ್ತು. ಗ್ವಾಲಿಯರಿನ ಮಹಾರಾಜ ಮಾಧವರಾವ್ ಶಿಂದೆ ಊಟದ ಮೇಜಿನ ಮೇಲೆ ಬೆಳ್ಳಿಯ ರೈಲು ಓಡಿಸಿ ಅತಿಥಿಗಳಿಗೆ ಸಾರಾಯಿ, ಚುಟ್ಟಾ ಕಳಿಸುತ್ತಿದ್ದ. ಅದು ಅವರ ಅರಮನೆಯಲ್ಲಿ ಇನ್ನೂ ಇದೆ. ಆದರೆ ಅದೇ ರಾಜ ಅರಮನೆಯ ಅಂಗಳದ ಎರಡು ಫೂಟಿನ ರೈಲನ್ನು ಹೊರಗೆ ತಂದು ಶಿವಪುರಿಗೆ, ಭಿಂಡಿಗೆ ಒಯ್ದ, ಬಡವರೂ ಹತ್ತಿದರು. ಇನ್ನು ಅಮೆರಿಕದ ಜಾನ್ ಅಲನ್ ಅನ್ನೋ ಫೋಟೋ ತೆಗೆಯುವವ ಮನೆಯ ನೆಲಮಾಳಿಗೆಯಲ್ಲಿ ಬೆಟ್ಟ, ಕಣಿವೆ, ಸೇತುವೆ ಕಟ್ಟಿ ಕೈಯಗಲದ ರೈಲು ಓಡಿಸಿದ, ಜಗತ್ತೆಲ್ಲ ಹೆಸರಾದ. 1973ರ ಜನವರಿಯಲ್ಲಿ ಅವನು ಸತ್ತ, ಕೆಲವೇ ದಿವಸದಲ್ಲಿ ಮನೆಗೆ ಬೆಂಕಿ ಬಿದ್ದು ಬಹುತೇಕ ಎಲ್ಲ ಸುಟ್ಟಿತು. ನಮಗೆ ಹತ್ತಿರದ್ದು ನೋಡಬೇಕಾದರೆ ಪುಣೆಯ ಕೋಥ್ರೂಡ್‌ಗೆ ಹೋಗಿರಿ. ಅಲ್ಲಿ ಭಾವು ಜೋಶಿಯವರ ಸಣ್ಣ ರೈಲುಗಳ ಸಂಗ್ರಹ 1998ರಿಂದ ಮಂದಿಗೆ ತೆರೆದಿದೆ. ಮಾಸ್ತರರು ಮಕ್ಕಳನ್ನು ಸಹಲಿಗೆ ಕರೆದೊಯ್ಯಲು ಒಳ್ಳೆಯ ಜಾಗ.

ನಾನು ಈ ವಿಷಯ ಬರೆಯಲಿಕ್ಕೆ ಕಾರಣ ಇಲ್ಲದಿಲ್ಲ. ನಮ್ಮ ಸುತ್ತಿನ ಊರುಗಳಲ್ಲಿ ಹೊಸ ರಸ್ತೆಗೆ ಹೊಲ ಹೋಗಿ ಕೆಲವರ ಖಾತೆಗೆ ಹಿಂದೆ ಕಂಡಿರದಷ್ಟು ರೊಕ್ಕ ಬಂದಿದೆ. ನನ್ನದೂ ಮೂವತ್ತು ಗುಂಟೆ ಹೋಯಿತು. ರೊಕ್ಕ ಬಂದ ದಿವಸ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ, ಅದು ಸಂತೋಷಕ್ಕೋ ದುಃಖಕ್ಕೋ ಇಂದಿಗೂ ಹೇಳಲಾರೆ. ಮಗ ಜೀಪು ತಗೊಳ್ಳೋಣ ಅಂತಾನ. ಬಾಡಿಗೆಗೆ ಬಿಟ್ಟರೆ ದುಡಿದು ಕೊಡತೈತಿ, ಅವನ ಮಾತಿನಲ್ಲಿ ತಪ್ಪಿಲ್ಲ. ನನ್ನ ಆಸೆ ಬೇರೆ. ನಮ್ಮ ಗೀಗೀ ಮೇಳದ ದಪ್ಪು, ತುಂತುಣಿ, ತಾಳ ಇಡಲಿಕ್ಕೆ, ಹುಡುಗರಿಗೆ ಸಂಜೆ ಹೇಳಿಕೊಡಲಿಕ್ಕೆ ವಾಚನಾಲಯದ ಮಗ್ಗುಲಲ್ಲಿ ಒಂದು ಪತ್ರಾಸಿನ ಕೋಣೆ ಕಟ್ಟಬೇಕು. ‘ಅಪ್ಪಾಗ ನಾದ ಹತ್ತೇತಿ’ ಅಂತ ಮಗ ಹೊರಗೆ ಹೇಳಿಕೊಂಡು ತಿರುಗುತ್ತಾನೆ. ನಾದ ಅಂದರೆ ಮರಾಠಿಯಲ್ಲಿ ಹುಚ್ಚು, ಕನ್ನಡದಲ್ಲಿ ಸ್ವರ. ಗಡಿನಾಡಿನವರಿಗೆ ಎರಡೂ ಅರ್ಥ ಒಮ್ಮೆಗೇ ಕೇಳಸ್ತಾವ. ಹಾಡಿಕಿಯಲ್ಲಿ ಹರದೇಶಿ ನಾಗೇಶಿ ಎದುರು ಬದುರು ನಿಂತ ಹಾಗೆ ನಾವಿಬ್ಬರೂ ನಿಂತಿದ್ದೇವೆ, ಇನ್ನೂ ತೀರ್ಮಾನ ಆಗಿಲ್ಲ.

ಮಗನ ಪರವಾಗಿಯೂ ಒಂದು ಮಾತು ಹೇಳಬೇಕು. ಲೂಯಿಯ ಮುಂದೆ ಹಸಿವೆ ಇರಲಿಲ್ಲ, ಹೋವಿಗೆ ಮೆಲ್ಬರ್ನಿನ ಬಾಡಿಗೆ ಪ್ರತಿ ವರ್ಷ ಬರತಿತ್ತು. ಒಂದು ವರ್ಷ ಕಳಕೊಂಡರೆ ಮರುವರ್ಷ ಐತಿ. ನಮಗೆ ಬಂದದ್ದು ಒಂದೇ ಸಲದ ರೊಕ್ಕ. ಹೊಲ ಹೋದ ಮೇಲೆ ಹೊಲ ಬರುವುದಿಲ್ಲ. ಅವರ ಲೆಕ್ಕ ನಮ್ಮ ಲೆಕ್ಕ ಒಂದೇ ಅಲ್ಲ.

ಹೋವಿಯ ರೈಲಿನ ಮುಂದಿನ ಕಥೆ ಅವನೂ ಎಣಿಸಿರಲಿಲ್ಲ. ಎರಡನೇ ಮಹಾಯುದ್ಧ ಬಂತು. ಕೆಂಟ್ ಸಮುದ್ರ ದಾಟಿದರೆ ಫ್ರಾನ್ಸ್, ಅಲ್ಲಿ ಜರ್ಮನಿಯ ಸೈನ್ಯ. ಇಂಗ್ಲೆಂಡಿನ ಸೈನ್ಯ 1940ರಲ್ಲಿ ಈ ರೈಲನ್ನೇ ತನ್ನ ವಶಕ್ಕೆ ತಗೊಂಡಿತು. ‘ಹರ್ಕ್ಯುಲಿಸ್’ ಅನ್ನೋ ಸಣ್ಣ ಇಂಜಿನ್ನಿಗೆ ಉಕ್ಕಿನ ಕವಚ ತೊಡಿಸಿ, ಡಬ್ಬಿಗಳ ಮೇಲೆ ಮಷಿನ್‌ಗನ್ನು ಕೂಡಿಸಿ ದಂಡೆ ಕಾಯಲು ಬಿಟ್ಟರು. ಆಟಿಗೆ ಅಂದವರ ಬಾಯಿ ಮುಚ್ಚಿತು. ಮುಂದೆ ಸಮುದ್ರದ ತಳದಲ್ಲಿ ಫ್ರಾನ್ಸಿಗೆ ಪೆಟ್ರೋಲು ಒಯ್ಯುವ ಕೊಳವೆ ಹಾಕುವಾಗಲೂ ಈ ಹಳಿ ಉಪಯೋಗಕ್ಕೆ ಬಂತು. ಸೈನ್ಯ ಬಿಟ್ಟುಕೊಟ್ಟಾಗ ಹಳಿ ಹಾಳಾಗಿ ಹೋಗಿತ್ತು. ಹೋವಿ ಮತ್ತೆ ರೊಕ್ಕ ಸುರಿದು ರಿಪೇರಿ ಮಾಡಿದ. ಡಂಜನೆಸ್ ಕಡೆ ಮಾತ್ರ ಎರಡರ ಜಾಗದಲ್ಲಿ ಒಂದೇ ಹಳಿ ಹಾಕಿಸಿದ. 1947ರಲ್ಲಿ ಆ ಭಾಗ ತಿರುಗಿ ಶುರುವಾದಾಗ ಸಿನಿಮಾದ ಲಾರೆಲ್ ಮತ್ತು ಹಾರ್ಡಿ ಬಂದಿದ್ದರು.

1963ರಲ್ಲಿ ಕ್ಯಾಪ್ಟನ್ ತೀರಿಕೊಂಡ. ಮೆಲ್ಬರ್ನಿನ ರೊಕ್ಕದ ತೊರೆ ರೈಲಿಗೆ ಅಲ್ಲಿಗೇ ನಿಂತಿತು. ರೈಲು ಮಾರಾಟಕ್ಕೆ ಬಂತು, ಕೈ ಬದಲಾಯಿಸಿತು, ಸೇತುವೆಗಳು ಹಳತಾಗಿ ಭಾರೀ ಖರ್ಚಿಗೆ ಬಂದವು. ಮುಚ್ಚೇ ಹೋಗುತ್ತದೆ ಅನ್ನುವಾಗ, 1970ರ ನಂತರದ ಒಂದೆರಡು ವರ್ಷದಲ್ಲಿ, ವಿಲಿಯಂ ಮ್ಯಾಕ್ಅಲ್ಪೈನ್ ಮತ್ತು ಕೆಲವರು ಕೂಡಿ ರೊಕ್ಕ ಹಾಕಿ ಉಳಿಸಿಕೊಂಡರು. ಮೊದಲು ಒಬ್ಬ ಶ್ರೀಮಂತನದಾಗಿದ್ದ ಹುಚ್ಚು ಈಗ ಹತ್ತು ಮಂದಿಯದಾಯಿತು. 1977ರಿಂದ ಸುತ್ತಲ ಊರಿನ ಮಕ್ಕಳು ದಿನಾ ಪಾಟಿಚೀಲ ಹಾಕಿಕೊಂಡು ಇದೇ 15 ಇಂಚಿನ ರೈಲಿನಲ್ಲಿ ನ್ಯೂ ರಾಮ್ನಿಯ ಶಾಲೆಗೆ ಹೋಗಿ ಬಂದರು. ಮಳೆಯಲ್ಲಿ, ಮಂಜಿನಲ್ಲಿ, ಮೂವತ್ತೆಂಟು ವರ್ಷ. 2015ರಲ್ಲಿ ಆ ಶಾಲೆ ಗಾಡಿ ನಿಂತಿತು. ಪ್ರವಾಸಿಗರ ಗಾಡಿ ನಿಂತಿಲ್ಲ. ಲೂಯಿ ಆರ್ಡರು ಕೊಟ್ಟು ಕಣ್ಣಿನಿಂದ ನೋಡದೇ ಹೋದ ಆ ಎರಡು ಇಂಜಿನ್ನುಗಳಿಗೆ ಈಗ ನೂರು ವರ್ಷ ದಾಟಿದೆ, ಅವೂ ಇನ್ನೂ ಉಗಿ ಬಿಡುತ್ತಾ ಡಂಜನೆಸ್ ದೀಪಸ್ತಂಭದವರೆಗೆ ಮಂದಿಯನ್ನು ಎಳೆದುಕೊಂಡು ಹೋಗತಾವ.