ಕಾಡ್ಗಿಚ್ಚು ನಿಯಂತ್ರಣ ಹಾಗೂ ಅರಣ್ಯ ವೃತ್ತಿಗಳಿಗೆ ಅವಕಾಶವಂಚಿತ ಯುವಜನರ ತರಬೇತಿ: ಬೆಂಗಳೂರು ದಕ್ಷಿಣದ ಅಂಚಿನ ಪ್ರದೇಶ

ಬೆಂಗಳೂರಿನ ದಕ್ಷಿಣ ಬಡಾವಣೆಗಳು ಕಾಡಿನ ಅಂಚನ್ನು ಮುಟ್ಟಿವೆ. ಬನಶಂಕರಿ 6ನೇ ಹಂತದ ಪಕ್ಕದಲ್ಲಿ ತುರಹಳ್ಳಿ ಅರಣ್ಯವಿದೆ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಬದಿಯಿಂದ ಹೊರಡುವ ರಸ್ತೆ ಸುಮಾರು 260 ಚದರ ಕಿ.ಮೀ. ವಿಸ್ತಾರದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದತ್ತ ಸಾಗುತ್ತದೆ. ಇಲ್ಲಿನ ಎಲೆಯುದುರುವ ಹಾಗೂ ಕುರುಚಲು ಕಾಡಿಗೆ ಫೆಬ್ರವರಿಯಿಂದ ಬೇಸಿಗೆ ಮಳೆ ಬೀಳುವವರೆಗೆ ಬೆಂಕಿಯ ಭಯವಿರುತ್ತದೆ. ಬೆಂಕಿ ಬಹುಪಾಲು ಮನುಷ್ಯರಿಂದಲೇ ಬರುತ್ತದೆ: ಎಸೆದ ಬೀಡಿ, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಕಿಡಿ, ಬದುವಿನ ಕಸ ಸುಡುವಾಗ ಕೈಮೀರಿದ ಜ್ವಾಲೆ.

ಈ ಕೆಲಸ ಪ್ರಾಣಾಪಾಯದ್ದು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿಯೂ 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಬಳಿಯೂ ಬೆಂಕಿ ನಂದಿಸಲು ಹೋದ ಅರಣ್ಯ ಸಿಬ್ಬಂದಿ ಜೀವ ತೆತ್ತರು. ಇಲಾಖೆಯವರಿಗೇ ಹೀಗಾಗುವಾಗ, ದಿನಗೂಲಿಗೆ ಬಂದ ಹುಡುಗನ ಕೈಗೆ ಹಸಿ ಸೊಪ್ಪಿನ ಕೊಂಬೆ ಕೊಟ್ಟು ಗುಡ್ಡ ಹತ್ತಿಸುವುದನ್ನು ತರಬೇತಿಯೆಂದು ಕರೆಯಲಾಗದು. ವಿಮೆ, ಕೂಲಿಯ ಲಿಖಿತ ಒಪ್ಪಂದ ಮತ್ತು ಕಾಲಿಗೆ ಗಟ್ಟಿ ಬೂಟು ಇವು ಮೂರೂ ಮೊದಲ ದಿನವೇ ಇರತಕ್ಕದ್ದು.

ಕನಕಪುರ ಹಾಗೂ ಆನೇಕಲ್ ಭಾಗದ ಕಾಡಂಚಿನ ಇರುಳಿಗ ಯುವಕರಿಗೆ ದಾರಿ, ಗಾಳಿ, ಆನೆಯ ನಡೆ ತಿಳಿದಿರುತ್ತದೆ. ಶಾಲೆಯ ದಾಖಲೆಯೇ ಅವರಿಗೆ ಅಡ್ಡಿ. ಶಾಲೆ ಬಿಟ್ಟ ನಗರದ ಕೊಳೆಗೇರಿಗಳ ಯುವಜನರ ಸ್ಥಿತಿ ಇದಕ್ಕೆ ತದ್ವಿರುದ್ಧ. ಎರಡೂ ಕಡೆಯವರನ್ನು ಒಂದೇ ತಂಡದಲ್ಲಿ ಸೇರಿಸುವುದು ನಮ್ಮ ದೃಷ್ಟಿಯಲ್ಲಿ ಉತ್ತಮ.

ತರಬೇತಿಯನ್ನು ಡಿಸೆಂಬರ್‌ನಲ್ಲಿ ಬೆಂಕಿ ರೇಖೆ ಕಡಿಯುವ ಕೆಲಸದಿಂದಲೇ ಆರಂಭಿಸಬೇಕು. ಮಚ್ಚು, ಗುದ್ದಲಿ, ಎಲೆ ಊದುವ ಯಂತ್ರ ಹಾಗೂ ಬೆನ್ನಿಗೆ ಕಟ್ಟುವ ನೀರಿನ ಪಂಪುಗಳ ಬಳಕೆ ಆಗಲೇ ಕೈಗೆ ಹತ್ತುತ್ತದೆ. ಅನಂತರ ಬೆಂಕಿಯ ಸ್ವಭಾವ. ಜ್ವಾಲೆಯ ಶಾಖವು ಮೇಲಿನ ಹುಲ್ಲನ್ನು ಮೊದಲೇ ಒಣಗಿಸುವುದರಿಂದ ಬೆಂಕಿಯು ಏರಿನಲ್ಲಿ ವೇಗ ಪಡೆಯುತ್ತದೆ. ಆದುದರಿಂದ ಉರಿಯುವ ಇಳಿಜಾರಿನ ಮೇಲ್ಭಾಗದಲ್ಲಿ ಯಾರೂ ನಿಲ್ಲಕೂಡದು. ಸುಟ್ಟ ನೆಲದ ಕಡೆಯಿಂದ ಆರಂಭಿಸಿ ಪಾರ್ಶ್ವದಲ್ಲಿ ಮುಂದುವರಿಯಬೇಕು, ಹಿಂದಿರುಗುವ ದಾರಿಯನ್ನು ಮೊದಲೇ ಗುರುತಿಸಬೇಕು. ನೈಲಾನ್ ಉಡುಪು ಕರಗಿ ಚರ್ಮಕ್ಕೆ ಅಂಟುತ್ತದೆ, ಹತ್ತಿಯದನ್ನೇ ಧರಿಸಬೇಕು. ಎದುರು ಬೆಂಕಿ ಹಚ್ಚುವ ನಿರ್ಧಾರ ಅನುಭವಿ ವಲಯ ಸಿಬ್ಬಂದಿಯದೇ ಹೊರತು ಹೊಸಬರದಲ್ಲ. ನಂದಿದ ಮೇಲೂ ಬಿದಿರಿನ ಮೆಳೆ, ಬಿದ್ದ ಮರದ ದಿಮ್ಮಿ, ಒಣಗಿದ ಆನೆ ಲದ್ದಿಯಲ್ಲಿ ಕೆಂಡ ಉಳಿಯುತ್ತದೆ. ಕಾವಲು ಬಿಟ್ಟರೆ ಮಧ್ಯಾಹ್ನದ ಗಾಳಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. 2019ರಲ್ಲಿ ಬಂಡೀಪುರದ ಬೆಂಕಿ ನಂದಿಸಲು ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು, ಆದರೆ ಕೆಂಡ ಹುಡುಕಿ ಆರಿಸುವುದು ಕಾಲ್ನಡಿಗೆಯ ಕೆಲಸವೇ.

ಬೆಂಕಿ ಕಾವಲು ಕೆಲವೇ ತಿಂಗಳ ಕೂಲಿ. ಉಳಿದ ಕಾಲಕ್ಕೆ ಬದುಕು ಕಟ್ಟಿಕೊಡದ ತರಬೇತಿಯನ್ನು ಯುವಕರು ಬೇಗನೆ ತೊರೆಯುತ್ತಾರೆ. ಮುಂಗಾರಿನಲ್ಲಿ ಸಸಿ ನೆಡುವುದು, ನರ್ಸರಿ, ಲಂಟಾನ ತೆರವು ಇವುಗಳಿಗೆ ಇದೇ ತಂಡ ಸಲ್ಲುತ್ತದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಪೀಠೋಪಕರಣ ಮಾಡುತ್ತಾರೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ದೊರೆಯುವುದರಿಂದ, ಸಸಿ ಆರೈಕೆ ಹಾಗೂ ಕೊಂಬೆ ಸವರುವಿಕೆ ಬಲ್ಲವರಿಗೆ ರೈತರ ಜಮೀನಿನಲ್ಲಿಯೂ ಕೆಲಸವುಂಟು.

ಕಾಯಂ ಹುದ್ದೆ ಬಯಸುವವರು ಅರಣ್ಯ ವೀಕ್ಷಕ ಹುದ್ದೆಗೆ ಎಸ್ಸೆಸ್ಸೆಲ್ಸಿ, ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿಯುಸಿ ಮುಗಿಸಿರಬೇಕು. ದೈಹಿಕ ಪರೀಕ್ಷೆಯೂ ಇರುತ್ತದೆ. ವಿಸ್ತರಣಾ ಕಾರ್ಯಕರ್ತರು ಜಾತಿ ಪ್ರಮಾಣಪತ್ರ ಮತ್ತು ಮುಕ್ತ ಶಾಲೆಯ ನೋಂದಣಿಯನ್ನು ಓಟದ ಅಭ್ಯಾಸಕ್ಕಿಂತ ಮೊದಲು ಮಾಡಿಸಿಕೊಡಲಿ. ವಿಜ್ಞಾನ ಓದಿದವರಿಗೆ ಶಿರಸಿ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದವಿಯಿದೆ.

ಕಾಡಂಚಿನ ರೈತ ಬಾಂಧವರು ಬೇಸಿಗೆಯಲ್ಲಿ ಕೂಳೆ, ಬದುವಿನ ಹುಲ್ಲು ಸುಡದೆ ಕಾಂಪೋಸ್ಟ್ ಗುಂಡಿಗೆ ಹಾಕುವುದು ಲೇಸು. ಹೊಗೆ ಕಂಡೊಡನೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆಮಾಡಿ ಗುಡ್ಡದ ಹೆಸರು, ಗಾಳಿಯ ದಿಕ್ಕು ತಿಳಿಸಿರಿ.