ಡಾಕ್ಟರ್ ಓದಿನ ಸಾಲ

ಮೈಸೂರಿನ ಈಶಾನ್ಯ ಅಂಚಿನ ಕೆಸರೆಗೆ ಎರಡು ವೈದ್ಯಕೀಯ ಕಾಲೇಜುಗಳು ಹತ್ತಿರ: ಇರ್ವಿನ್ ರಸ್ತೆಯ ಸರ್ಕಾರಿ ಕಾಲೇಜು ಮತ್ತು ಪಕ್ಕದ ಬನ್ನಿಮಂಟಪದ ಜೆಎಸ್‌ಎಸ್ ಕಾಲೇಜು. ಡಾಕ್ಟರ್ ಓದು ಸಾಲದ ಬಾಬ್ತಾದ ಕಥೆ ಈ ಎರಡೂ ಹುಟ್ಟಿದ ಕಾಲಗಳ ನಡುವಿನ ಅರವತ್ತು ವರ್ಷಗಳಲ್ಲಿ ಶುರುವಾಗುತ್ತದೆ.

ಸರ್ಕಾರಿ ಕಾಲೇಜಿನ ಮೂಲ ಬೆಂಗಳೂರಿನಲ್ಲಿ ಶುರುವಾದ ಮೆಡಿಕಲ್ ಸ್ಕೂಲು. ಅಲ್ಲಿ ತಯಾರಾಗುತ್ತಿದ್ದವರು ಪದವಿಯಿಲ್ಲದೆ ಪರವಾನಗಿ ಪಡೆದ ಎಲ್‌ಎಂಪಿ ವೈದ್ಯರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1924ರಲ್ಲಿ, ಅದು ಕಾಲೇಜಾಗಿ 1930ರಲ್ಲಿ ಮೈಸೂರಿಗೆ ಬಂತು. ಆಗಿನ ಬಡ ಹುಡುಗರಿಗೆ ಊಟ, ವಸತಿಯ ಚಿಂತೆಯೇ ದೊಡ್ಡದು. ಅದಕ್ಕೆ ವಾರಾನ್ನವಿತ್ತು, ಜಾತಿವಾರು ಹಾಸ್ಟೆಲುಗಳಿದ್ದವು, ಸುತ್ತೂರು ಮಠದ ಉಚಿತ ಪ್ರಸಾದನಿಲಯವಿತ್ತು. ಬ್ಯಾಂಕಿಗೆ ಅಲ್ಲಿ ಕೆಲಸವಿರಲಿಲ್ಲ.

ಎಲ್‌ಎಂಪಿ ಕಡಿಮೆ ಅವಧಿಯ, ಕಡಿಮೆ ಖರ್ಚಿನ ಓದು. 1946ರ ಭೋರ್ ಸಮಿತಿ ವರದಿಯ ಪ್ರಕಾರ ದೇಶದ ಸುಮಾರು 47 ಸಾವಿರ ವೈದ್ಯರಲ್ಲಿ 30 ಸಾವಿರದಷ್ಟು ಮಂದಿ ಇಂಥವರೇ. ಆದರೂ ಸಮಿತಿ ಇಡೀ ದೇಶಕ್ಕೆ ಒಂದೇ ಬಗೆಯ ಪದವೀಧರ ವೈದ್ಯ ಸಾಕೆಂದಿತು. ಗುಣಮಟ್ಟದ ದೃಷ್ಟಿಯಿಂದ ಅದು ಸರಿಯೇ. ಆದರೆ ಬೇಗ ಮುಗಿಸಿ ದುಡಿಯಬಹುದಾಗಿದ್ದ ದಾರಿ ಮುಚ್ಚಿತು. ಈಗ ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್‌ಗೆ ಒಂದು ವರ್ಷ. ಎಂಡಿ, ಎಂಎಸ್‌ಗೆ ಮತ್ತೆ ಮೂರು, ಸೂಪರ್ ಸ್ಪೆಷಾಲಿಟಿಗೆ ಇನ್ನೂ ಮೂರು. ಎಲ್ಲೂ ವರ್ಷ ಹಾಳಾಗದಿದ್ದರೂ ವಯಸ್ಸು ಮೂವತ್ತಾಗುತ್ತದೆ.

ಫೀಜಿನ ಕಥೆ ಬೇರೆ ಕಡೆಯಿಂದ ಬಂತು. 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ಖಾಸಗಿ ಕಾಲೇಜು ತೆರೆದರು. ವಿದ್ಯಾರ್ಥಿಗಳ ಹಣದಿಂದಲೇ ಕಾಲೇಜು ನಡೆಯಬಹುದೆಂದು ಅದು ತೋರಿಸಿತು. ಸೀಟಿಗಾಗಿ ಕೊಡುವ ಈ ಹಣ ಕಾನೂನಿನಲ್ಲಿ ಕ್ಯಾಪಿಟೇಶನ್ ಶುಲ್ಕ, ಜನರ ಬಾಯಲ್ಲಿ ‘ಡೊನೇಶನ್’. ಜೆಎಸ್‌ಎಸ್ ಮಹಾವಿದ್ಯಾಪೀಠ ಬನ್ನಿಮಂಟಪದಲ್ಲಿ ಕಾಲೇಜು ತೆರೆದ 1984ರಲ್ಲೇ ರಾಜ್ಯ ಸರ್ಕಾರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಅದರಡಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ಕಾಲೇಜುಗಳ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000 ಎಂದು ಗೊತ್ತುಮಾಡಿತು. ತುಮಕೂರಿನ ಕಾಲೇಜೊಂದರ ಸೀಟಿನ ವ್ಯಾಜ್ಯದಲ್ಲಿ, ಸುಪ್ರೀಂ ಕೋರ್ಟಿನ 1992ರ ಮೋಹಿನಿ ಜೈನ್ ತೀರ್ಪು ಈ ಅಧಿಸೂಚನೆಯನ್ನು ಹೊಡೆದುಹಾಕಿತು. ಮರುವರ್ಷದ ಉಣ್ಣಿಕೃಷ್ಣನ್ ತೀರ್ಪು ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಹಂಚಿಕೆ ಮಾಡಿತು, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಅದನ್ನೂ ತೆಗೆಯಿತು.

ಬ್ಯಾಂಕು ಒಳಗೆ ಬಂದದ್ದು ಇದೇ ಹೊತ್ತಿಗೆ. ಕೆನರಾ ಬ್ಯಾಂಕಿನ ಮುಖ್ಯಸ್ಥ ಆರ್.ಜೆ. ಕಾಮತ್ ನೇತೃತ್ವದ ತಂಡದ ವರದಿಯ ಮೇಲೆ 2001ರಲ್ಲಿ ಮಾದರಿ ಶಿಕ್ಷಣ ಸಾಲ ಯೋಜನೆ ರೂಪುಗೊಂಡಿತು. ಮುಂದೆ ಅದರಲ್ಲಿ 4 ಲಕ್ಷದವರೆಗೆ ಭದ್ರತೆ ಬೇಕಿರಲಿಲ್ಲ, 7.5 ಲಕ್ಷದವರೆಗೆ ಜಾಮೀನುದಾರ ಬೇಕಿತ್ತು, ಅದಕ್ಕೂ ಮೇಲೆ ಮನೆ ಅಥವಾ ಸೈಟಿನ ಪತ್ರ. ಕೂಲಿ, ಸಣ್ಣ ವ್ಯಾಪಾರದಲ್ಲಿ ಬದುಕುವ ಮನೆಗಳು ಸೋಲುವುದು ಈ ಪತ್ರದ ಮುಂದೆಯೇ. ಕೆಸರೆ, ರಾಜೇಂದ್ರನಗರದ ಕಡೆಯ ಮುಸ್ಲಿಂ ಕುಟುಂಬಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಒಂದಿಷ್ಟು ಆಸರೆ. ಅದಕ್ಕೆ ಶೇ 2ರ ಸೇವಾ ಶುಲ್ಕ ಮಾತ್ರ.

ಬ್ಯಾಂಕಿನ ಸಾಲದಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ಸಲ ಪಡೆದ 10 ಲಕ್ಷಕ್ಕೆ ಶೇ 10ರ ಸರಳ ಬಡ್ಡಿ ಹಿಡಿದರೂ, ಮೊದಲ ಕಂತಿನ ಹೊತ್ತಿಗೆ ಬಾಕಿ 15 ಲಕ್ಷ. ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 16,100 ರೂಪಾಯಿ. ಪಿಜಿ ಸೀಟಿಗಾಗಿ ಮನೆಯಲ್ಲಿ ಕೂತು ಓದುವವರಿಗೆ ಆ ಒಂದು ವರ್ಷ ಏನೂ ಸಾಲದು. ಬಡ್ಡಿ ಸಹಾಯಧನ 2009ರಿಂದ ಬಂದರೂ ಅದು ಕಡಿಮೆ ಆದಾಯದವರಿಗೆ, ಅದೂ ಕಂತು ಶುರುವಾಗುವ ತನಕ.

ಇದರ ಮೇಲೆ ಗ್ರಾಮೀಣ ಸೇವೆ. ಕೋರ್ಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿಯಬೇಕೆಂಬ 2012ರ ರಾಜ್ಯ ಕಾಯ್ದೆ 2015ರಲ್ಲಿ ಜಾರಿಗೆ ಬಂತು. ತಪ್ಪಿಸಿದವರಿಗೆ ಲಕ್ಷಗಟ್ಟಲೆ ದಂಡ. ಖಾಲಿ ಹುದ್ದೆಗಳಿದ್ದಷ್ಟು ಮಂದಿಗೆ ಮಾತ್ರ ಸೇವೆ ಎಂದು 2023ರ ತಿದ್ದುಪಡಿ ಅದನ್ನು ಸಡಿಲಿಸಿತು.